ಹಾಜರಿ ಒಂದು ಕಡೆ, ಪೇ ಸ್ಲಿಪ್ ಇನ್ನೊಂದು ಕಡೆ

ಉದ್ಯೋಗದ ಕರಾರುಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಓದುಗರನ್ನು ಕೇಳಿದ್ದೆವು. ಬಂದ ಪತ್ರಗಳಲ್ಲಿ ‘ಕೆಲಸದಿಂದ ತೆಗೆದರು’ ಎನ್ನುವವು ಕಡಿಮೆ, ‘ಯಾವಾಗ ತೆಗೆಯುತ್ತಾರೋ’ ಎನ್ನುವವೇ ಹೆಚ್ಚು. ಹೆಸರುಗಳನ್ನು ಕೈಬಿಟ್ಟು, ಹಲವರಿಗೆ ಉಪಯೋಗವಾಗಬಹುದಾದ ಆರು ಪತ್ರಗಳನ್ನು ಆಯ್ದುಕೊಂಡಿದ್ದೇನೆ.

ಪ್ರಶ್ನೆ: ಬೆಂಗಳೂರಿನ ಪೀಣ್ಯದ ಕಾರ್ಖಾನೆಯೊಂದರಲ್ಲಿ ಆರು ವರ್ಷದಿಂದ ಸಿ.ಎನ್.ಸಿ. ಯಂತ್ರ ನಡೆಸುತ್ತಿದ್ದೇನೆ. ಯಂತ್ರವೂ ಅದೇ, ಸೂಪರ್‌ವೈಸರೂ ಅವರೇ. ಆದರೆ ಇಷ್ಟರಲ್ಲಿ ಮೂವರು ಕಂಟ್ರಾಕ್ಟರ್‌ಗಳು ಬದಲಾಗಿದ್ದಾರೆ. ಪ್ರತಿ ಸಲ ಹೊಸ ಗುರುತಿನ ಚೀಟಿ, ಹೊಸ ಪಿ.ಎಫ್. ಖಾತೆ. ಪಕ್ಕದ ಯಂತ್ರದಲ್ಲಿರುವ ಕಾಯಂ ನೌಕರನ ಸಂಬಳ ನನ್ನದರ ಎರಡರಷ್ಟಿದೆ. ನಾನು ನಿಜವಾಗಿ ಯಾರ ನೌಕರ?

ಉತ್ತರ: ಕಾಗದದ ಪ್ರಕಾರ ಕಂಟ್ರಾಕ್ಟರನ ನೌಕರ. ಆದರೆ ಈ ವಿಷಯ ಕಾಗದವೊಂದರಿಂದಲೇ ತೀರ್ಮಾನವಾಗುವುದಿಲ್ಲ. ನಿಮ್ಮನ್ನು ಆರಿಸಿಕೊಂಡವರು ಯಾರು, ದಿನದ ಕೆಲಸ ಹಂಚುವವರು ಯಾರು, ರಜೆ ಕೊಡುವವರು ಯಾರು, ತಪ್ಪಾದರೆ ಮೆಮೊ ಬರೆಯುವವರು ಯಾರು ಎಂಬುದನ್ನೆಲ್ಲ ನ್ಯಾಯಾಲಯ ನೋಡುತ್ತದೆ. ಇವಿಷ್ಟನ್ನೂ ಕಾರ್ಖಾನೆಯ ಅಧಿಕಾರಿಗಳೇ ಮಾಡುತ್ತಿದ್ದು, ಕಂಟ್ರಾಕ್ಟರ್ ಬರೀ ಸಂಬಳ ಬಟವಾಡೆಗೆ ಇದ್ದಾನೆ ಎಂದಾದರೆ ಆ ಗುತ್ತಿಗೆ ತೋರಿಕೆಯದು ಎಂದು ವಾದಿಸಬಹುದು. ಭಾರತೀಯ ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2001ರಲ್ಲಿ ಕೊಟ್ಟ ತೀರ್ಪು ಇಲ್ಲಿ ಇಂದಿಗೂ ಆಧಾರ. ಒಂದು ಕೆಲಸದಲ್ಲಿ ಗುತ್ತಿಗೆ ಪದ್ಧತಿಯನ್ನು ಸರ್ಕಾರ ನಿಷೇಧಿಸಿದ ಮಾತ್ರಕ್ಕೆ ಗುತ್ತಿಗೆ ಕಾರ್ಮಿಕರು ತಾವಾಗಿಯೇ ಕಾಯಂ ಆಗುವುದಿಲ್ಲ ಎಂದು ಆ ತೀರ್ಪು ಕಾರ್ಮಿಕರಿಗೆ ಪೆಟ್ಟು ಕೊಟ್ಟಿತು. ಅದೇ ತೀರ್ಪು, ಗುತ್ತಿಗೆಯೇ ಬರೀ ತೋರಿಕೆಯ ಏರ್ಪಾಡು ಎಂದು ಸಾಬೀತಾದರೆ ಅವರು ಮೊದಲಿನಿಂದಲೂ ಮೂಲ ಮಾಲೀಕನ, ಅಂದರೆ ಕೆಲಸ ಮಾಡಿಸಿಕೊಳ್ಳುವ ಸಂಸ್ಥೆಯ, ನೌಕರರೇ ಎಂಬ ಬಾಗಿಲನ್ನೂ ತೆರೆದಿಟ್ಟಿತು.

ಆ ಬಾಗಿಲು ಕಿರಿದು ಎನ್ನುವುದನ್ನು ಮುಚ್ಚಿಡುವುದು ಸರಿಯಲ್ಲ. ಸಾಬೀತುಪಡಿಸುವ ಹೊಣೆ ನಿಮ್ಮದು, ಮೊಕದ್ದಮೆ ವರ್ಷಗಟ್ಟಲೆ ನಡೆಯುತ್ತದೆ, ಹಾಜರಿ ಪುಸ್ತಕ ಮಾಲೀಕರ ಬಳಿ ಇರುತ್ತದೆ. ಆದ್ದರಿಂದ ಈಗಿನಿಂದಲೇ ಹಳೆಯ ಮೂರೂ ಗುರುತಿನ ಚೀಟಿ, ಪೇ ಸ್ಲಿಪ್‌ಗಳು, ಶಿಫ್ಟ್ ಪಟ್ಟಿಯ ಫೋಟೊ, ಕಾರ್ಖಾನೆಯ ಅಧಿಕಾರಿ ಸಹಿ ಮಾಡಿದ ತರಬೇತಿ ಪತ್ರ, ಕೆಲಸ ಹೇಳಿದ ವಾಟ್ಸ್‌ಆ್ಯಪ್ ಸಂದೇಶ, ಎಲ್ಲವನ್ನೂ ಮನೆಯಲ್ಲಿ ಜೋಪಾನ ಮಾಡಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರುವ, ಹೊಸ ಕಾರ್ಮಿಕ ಕಾನೂನುಗಳಲ್ಲೊಂದಾದ ವೃತ್ತಿ ಸುರಕ್ಷತೆ ಸಂಹಿತೆಯು ಸಂಸ್ಥೆಯ ಮುಖ್ಯ ಚಟುವಟಿಕೆಯಲ್ಲಿ ಗುತ್ತಿಗೆ ಕಾರ್ಮಿಕರನ್ನು ತೊಡಗಿಸುವುದನ್ನು ನಿಷೇಧಿಸಿದೆ. ಬಿಡಿಭಾಗ ತಯಾರಿಸುವ ಕಾರ್ಖಾನೆಯಲ್ಲಿ ಯಂತ್ರ ನಡೆಸುವುದು ಮುಖ್ಯ ಚಟುವಟಿಕೆಯಲ್ಲದೆ ಮತ್ತೇನು ಎಂದು ಯಾರಾದರೂ ಕೇಳಬಹುದು. ಆದರೆ ಅದೇ ವಿಧಿಯಲ್ಲಿ, ಆ ಕೆಲಸವನ್ನು ಸಾಮಾನ್ಯವಾಗಿ ಗುತ್ತಿಗೆಯಲ್ಲೇ ಮಾಡಿಸುವ ರೂಢಿ ಇದ್ದರೆ ಅಥವಾ ಕೆಲಸದ ಪ್ರಮಾಣ ಒಮ್ಮೆಲೇ ಏರಿದರೆ ವಿನಾಯಿತಿ ಇದೆ. ಜೊತೆಗೆ, ಹಿಂದಿದ್ದ 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ 20 ಗುತ್ತಿಗೆ ಕಾರ್ಮಿಕರಿರುವ ಕಡೆಯೂ ಅನ್ವಯವಾಗುತ್ತಿತ್ತು; ಹೊಸ ಸಂಹಿತೆಯ ಗುತ್ತಿಗೆ ನಿಯಮಗಳಿಗೆ 50 ಮಂದಿ ಇರಬೇಕು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ ನನಗಂತೂ ಕಾಣುತ್ತದೆ.

ಮೊಕದ್ದಮೆಗಿಂತ ಮೊದಲು ನಿಮ್ಮ ಪಿ.ಎಫ್. ನೋಡಿಕೊಳ್ಳಿ. ಕಂಟ್ರಾಕ್ಟರ್ ಬದಲಾದಾಗಲೆಲ್ಲ ಹಳೆಯ ಖಾತೆಯ ಹಣವನ್ನು ಹಿಂಪಡೆದು ಮಕ್ಕಳ ಶುಲ್ಕಕ್ಕೋ ಹಬ್ಬಕ್ಕೋ ಖರ್ಚು ಮಾಡುವುದು ಸಾಮಾನ್ಯ. ಆಗ ಪಿಂಚಣಿಯ ಭಾಗವನ್ನೂ ಹಿಂಪಡೆದರೆ ಅಲ್ಲಿಯವರೆಗಿನ ಸೇವೆ ಅಳಿಸಿಹೋಗುತ್ತದೆ. ತಿಂಗಳ ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಎರಡು ವರ್ಷಕ್ಕೊಮ್ಮೆ ಅಳಿಸುತ್ತ ಹೋದರೆ ಮೂವತ್ತು ವರ್ಷ ದುಡಿದವನಿಗೂ ಅದು ಪೂರ್ತಿಯಾಗುವುದಿಲ್ಲ. ಮೂರೂ ಖಾತೆಗಳನ್ನು ಒಂದೇ ಯು.ಎ.ಎನ್. (ಕೆಲಸ ಬದಲಾದರೂ ಬದಲಾಗದ ಪಿ.ಎಫ್. ಸದಸ್ಯತ್ವ ಸಂಖ್ಯೆ) ಅಡಿಗೆ ತಂದು ಹಣವನ್ನು ವರ್ಗಾಯಿಸಿಕೊಳ್ಳಿ. ಕಂಟ್ರಾಕ್ಟರ್ ನಿಮ್ಮ ಸಂಬಳದಿಂದ ಮುರಿದ ವಂತಿಗೆಯನ್ನು ಕಟ್ಟದೇ ಓಡಿಹೋಗಿದ್ದರೆ ಅದನ್ನು ಕಟ್ಟುವ ಹೊಣೆ ಮೂಲ ಮಾಲೀಕನದು. ಸಂಬಳ ಬಾಕಿ ಉಳಿಸಿದರೂ ಹಾಗೆಯೇ. ‘ಅದು ಕಂಟ್ರಾಕ್ಟರ್ ವಿಷಯ, ನಮಗೆ ಗೊತ್ತಿಲ್ಲ’ ಎಂದು ಎಚ್.ಆರ್. ವಿಭಾಗ ಹೇಳುವುದಕ್ಕೆ ಕಾನೂನಿನ ಬೆಂಬಲವಿಲ್ಲ.

ಗುತ್ತಿಗೆಯಿಂದ ಹೊರಬಂದವರು ಇಲ್ಲವೇ ಎಂದರೆ, ಇದ್ದಾರೆ. ಬೆಂಗಳೂರಿನ ಪೌರಕಾರ್ಮಿಕರು ಮೊದಲು ಕಂಟ್ರಾಕ್ಟರನ ಕೈಯಿಂದ ತಪ್ಪಿಸಿಕೊಂಡು ಪಾಲಿಕೆಯಿಂದ ನೇರ ವೇತನ ಪಡೆಯುವ ಹಂತಕ್ಕೆ ಬಂದರು, 2022ರ ಜುಲೈನಲ್ಲಿ ಮುಷ್ಕರ ಹೂಡಿದರು, 2025ರ ಮೇ 1ರಂದು 12,692 ಮಂದಿ ಕಾಯಂ ನೇಮಕಾತಿ ಆದೇಶ ಪಡೆದರು. ಸರ್ಕಾರದ ಮುಂದೆ ಕೇಳಿ ಗೆದ್ದದ್ದಕ್ಕೂ ಖಾಸಗಿ ಮಾಲೀಕರ ಮುಂದೆ ಕೇಳುವುದಕ್ಕೂ ವ್ಯತ್ಯಾಸವಿದೆ, ಒಪ್ಪುತ್ತೇನೆ. ಆದರೂ ಅವರಲ್ಲಿ ಒಬ್ಬೊಬ್ಬರೇ ವಕೀಲರ ಕಚೇರಿಗೆ ಅಲೆದಿದ್ದರೆ ಆ ಆದೇಶ ಬರುತ್ತಿರಲಿಲ್ಲ. ನಿಮ್ಮ ಪಾಳಿಯ ಉಳಿದ ಗುತ್ತಿಗೆ ನೌಕರರೊಡನೆ ಮಾತಾಡಿ, ಸಂಘದ ಮೂಲಕವೇ ಮುಂದಿನ ಹೆಜ್ಜೆ ಇಡಿ.

ಪ್ರಶ್ನೆ: ಡಿಪ್ಲೊಮಾ ಮುಗಿಸಿದ ಮಗಳಿಗೆ ಕೋಲಾರದ ಕಡೆಯ ಎಲೆಕ್ಟ್ರಾನಿಕ್ಸ್ ಕಂಪನಿಯೊಂದು ಎರಡು ವರ್ಷದ ‘ಫಿಕ್ಸೆಡ್ ಟರ್ಮ್’ ನೇಮಕಾತಿ ಪತ್ರ ಕೊಟ್ಟಿದೆ. ಇದೂ ಗುತ್ತಿಗೆಯೇ ಅಲ್ಲವೇ?

ಉತ್ತರ: ಅಲ್ಲ, ಹೆಸರು ಕೇಳಿದರೆ ಹಾಗೆ ಅನ್ನಿಸುತ್ತದೆ ಅಷ್ಟೆ. ಗುತ್ತಿಗೆಯಲ್ಲಿ ನಡುವೆ ಮೂರನೆಯವನಿರುತ್ತಾನೆ. ನಿಗದಿತ ಅವಧಿಯ ಉದ್ಯೋಗದಲ್ಲಿ ಕಂಪನಿಯೇ ನೇರವಾಗಿ ಸಹಿ ಹಾಕುತ್ತದೆ. ಅದೇ ಕೆಲಸ ಮಾಡುವ ಕಾಯಂ ನೌಕರರ ಕೆಲಸದ ಅವಧಿ, ವೇತನ, ಭತ್ಯೆಗಳಿಗಿಂತ ಇವರದು ಕಡಿಮೆ ಇರುವಂತಿಲ್ಲ. ಕೆಲಸ ಬಿಡುವಾಗ ಸಿಗುವ ಇಡಿಗಂಟಾದ ಗ್ರಾಚ್ಯುಟಿಗೆ ಕಾಯಂ ನೌಕರರು ಐದು ವರ್ಷ ಕಾಯಬೇಕು. ನಿಗದಿತ ಅವಧಿಯವರಿಗೆ ಸಾಮಾಜಿಕ ಭದ್ರತೆ ಸಂಹಿತೆಯಲ್ಲಿ ಒಂದು ವರ್ಷ ಸಾಕು. ನೇಮಕಾತಿ ಪತ್ರವನ್ನು ಓದುವಾಗ ಮೊದಲು ನೋಡಬೇಕಾದದ್ದು ಲೆಟರ್‌ಹೆಡ್. ಅದರಲ್ಲಿ ಕಾರ್ಖಾನೆಯ ಹೆಸರಿದೆಯೋ ಮಾನವಸಂಪನ್ಮೂಲ ಏಜೆನ್ಸಿಯ ಹೆಸರಿದೆಯೋ ಎಂಬುದರ ಮೇಲೆ ನಾನು ಹೇಳಿದ್ದೆಲ್ಲ ನಿಂತಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಘಟಕದಲ್ಲಿ 2020ರ ಡಿಸೆಂಬರ್‌ನಲ್ಲಿ ವೇತನದ ವಿಷಯಕ್ಕೆ ದೊಂಬಿಯಾದಾಗ ಅಲ್ಲಿದ್ದವರಲ್ಲಿ ಬಹುಪಾಲು ಏಜೆನ್ಸಿಗಳ ಮೂಲಕ ಬಂದವರಾಗಿದ್ದರು.

ದೋಷ ಇಲ್ಲವೆಂದಲ್ಲ. ಎರಡು ವರ್ಷ ತುಂಬಿದ ದಿನ ಕೆಲಸ ತಾನಾಗಿಯೇ ಮುಗಿಯುತ್ತದೆ, ಅದನ್ನು ಕಾನೂನು ‘ರಿಟ್ರೆಂಚ್‌ಮೆಂಟ್’ ಎಂದು ಪರಿಗಣಿಸುವುದಿಲ್ಲ. ಕಾಯಂ ಕಾರ್ಮಿಕನನ್ನು ಹೆಚ್ಚುವರಿ ಎಂದು ತೆಗೆದರೆ ಒಂದು ತಿಂಗಳ ನೋಟಿಸ್ ಮತ್ತು ಸೇವೆಯ ಪ್ರತಿ ವರ್ಷಕ್ಕೆ ಹದಿನೈದು ದಿನದ ಸರಾಸರಿ ವೇತನದ ಪರಿಹಾರ ಕೊಡಬೇಕು. ಮಗಳಿಗೆ ಅದು ಸಿಗದು. ಅವಧಿಯ ನಡುವೆಯೇ ತೆಗೆದರೆ ಮಾತು ಬೇರೆ. ಪ್ರಾಸಂಗಿಕವಾಗಿ, ಹನ್ನೊಂದು ತಿಂಗಳಿಗೆ ಕರಾರು ಮಾಡಿಕೊಂಡು ಒಂದು ವಾರ ‘ಬ್ರೇಕ್’ ಕೊಟ್ಟರೆ ಕಾರ್ಮಿಕನಿಗೆ ಯಾವ ಹಕ್ಕೂ ಹುಟ್ಟುವುದಿಲ್ಲ ಎಂಬ ನಂಬಿಕೆ ಮಾಲೀಕರಲ್ಲೂ ಕಾರ್ಮಿಕರಲ್ಲೂ ಇದೆ. ಮನೆ ಬಾಡಿಗೆಯ ಕರಾರಿನಿಂದ ಬಂದ ಲೆಕ್ಕವೋ ಏನೋ! ಕಾರ್ಮಿಕ ಕಾನೂನು ನೋಡುವುದು ಹನ್ನೆರಡು ತಿಂಗಳಲ್ಲಿ 240 ದಿನದ ಕೆಲಸವನ್ನು. ಹನ್ನೊಂದು ತಿಂಗಳಲ್ಲಿ ಅದು ಸಾಮಾನ್ಯವಾಗಿ ತುಂಬಿಯೇ ಇರುತ್ತದೆ.

ಪತ್ರದಲ್ಲಿ ಕಂಪನಿಯ ಹೆಸರೇ ಇದ್ದರೆ ಮಗಳು ಸೇರಲಿ. ಎರಡನೆಯ ವರ್ಷದ ನಡುವಿನಿಂದಲೇ ಬೇರೆಡೆ ಅರ್ಜಿ ಹಾಕುವುದನ್ನೂ ಮರೆಯದಿರಲಿ.

ಪ್ರಶ್ನೆ: ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಅತಿಥಿ ಉಪನ್ಯಾಸಕ. ಪ್ರತಿ ವರ್ಷ ಹೊಸದಾಗಿ ಅರ್ಜಿ, ಕೌನ್ಸೆಲಿಂಗ್, ಆದೇಶ. ಹತ್ತು ವರ್ಷ ಮೀರಿದವರನ್ನು ಸಕ್ರಮಗೊಳಿಸಬೇಕೆಂದು ಸುಪ್ರೀಂ ಕೋರ್ಟೇ ಹೇಳಿದೆ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ನಿಜವೇ? — ಚಿತ್ರದುರ್ಗ ಜಿಲ್ಲೆಯ ಓದುಗರು

ಉತ್ತರ: ಅರ್ಧ ನಿಜ, ಮತ್ತು ಆ ಅರ್ಧವೇ ಅನೇಕರನ್ನು ದಾರಿ ತಪ್ಪಿಸಿದೆ. ನಿಮ್ಮ ಸಹೋದ್ಯೋಗಿಗಳು ಹೇಳುತ್ತಿರುವುದು ಕರ್ನಾಟಕ ಸರ್ಕಾರ ಮತ್ತು ಉಮಾದೇವಿ ನಡುವಿನ ಪ್ರಕರಣದ 2006ರ ಏಪ್ರಿಲ್ 10ರ ತೀರ್ಪು. ನಮ್ಮದೇ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯಲ್ಲಿ 1985-86ರ ಹೊತ್ತಿಗೆ ದಿನಗೂಲಿಗೆ ಸೇರಿದವರು ಕಾಯಂ ಮಾಡಿ ಎಂದು ಕೇಳಿದ ಮೊಕದ್ದಮೆಯದು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಸರ್ಕಾರಿ ಹುದ್ದೆಗೆ ಎಲ್ಲರಿಗೂ ಸಮಾನ ಅವಕಾಶ ಇರಬೇಕಾದ್ದರಿಂದ ಹಿಂಬಾಗಿಲಿನಿಂದ ಬಂದವರು ಬರೀ ಹೆಚ್ಚು ಕಾಲ ದುಡಿದ ಕಾರಣಕ್ಕೆ ಕಾಯಂ ಆಗುವ ಹಕ್ಕು ಪಡೆಯುವುದಿಲ್ಲ ಎಂದಿತು. ನೀವು ಕೇಳಿರುವ ಹತ್ತು ವರ್ಷದ ಮಾತು ಅದೇ ತೀರ್ಪಿನ ಒಂದು ವಿನಾಯಿತಿ: ಮಂಜೂರಾದ ಖಾಲಿ ಹುದ್ದೆಯಲ್ಲಿ, ಅರ್ಹತೆ ಇದ್ದು, ನ್ಯಾಯಾಲಯದ ತಡೆಯಾಜ್ಞೆಯ ನೆರವಿಲ್ಲದೆ ಆಗಲೇ ಹತ್ತು ವರ್ಷ ಮುಗಿಸಿದ್ದವರನ್ನು ಒಂದು ಬಾರಿಗೆ ಮಾತ್ರ ಪರಿಗಣಿಸಿ ಎಂದು. 2006ರ ನಂತರ ಯಾರು ಹತ್ತು ವರ್ಷ ಮುಗಿಸಿದರೂ ತಾನಾಗಿ ಸಕ್ರಮ ಎಂದು ಅದರ ಅರ್ಥವಲ್ಲ.

ಅಷ್ಟಕ್ಕೇ ಆಸೆ ಬಿಡಬೇಕಾಗಿಯೂ ಇಲ್ಲ. ಈಚಿನ ತೀರ್ಪುಗಳ ಧಾಟಿ ಬದಲಾಗಿದೆ. ಫರೀದಾಬಾದಿನ ಕೇಂದ್ರ ಜಲ ಆಯೋಗದ ಕಚೇರಿಯಲ್ಲಿ ದಶಕಗಟ್ಟಲೆ ಕಸ ಗುಡಿಸಿದ, ಗಿಡ ನೋಡಿಕೊಂಡವರನ್ನು 2018ರಲ್ಲಿ ಏಕಾಏಕಿ ತೆಗೆದಾಗ, ಉಮಾದೇವಿ ತೀರ್ಪನ್ನು ಇಂಥವರ ಮೇಲೆ ಆಯುಧದಂತೆ ಪ್ರಯೋಗಿಸಬಾರದು ಎಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 20ರಂದು ಹೇಳಿ ಅವರ ಸೇವೆಯನ್ನು ಸಕ್ರಮಗೊಳಿಸಿತು. ನಿರಂತರ ಸ್ವರೂಪದ ಕೆಲಸವನ್ನು ತಾತ್ಕಾಲಿಕ ಎಂಬ ಹಣೆಪಟ್ಟಿ ಹಚ್ಚಿ ಮಾಡಿಸುವುದನ್ನು ಅದು ಟೀಕಿಸಿತು. ನಿಮ್ಮ ವಾದಕ್ಕೆ ಇದು ಹತ್ತಿರ, ಆದರೆ ಪೂರ್ತಿ ಹೊಂದುವುದಿಲ್ಲ. ವರ್ಷ ವರ್ಷವೂ ಆಯ್ಕೆ ನಡೆಸಿ ಕಾರ್ಯಭಾರಕ್ಕೆ ತಕ್ಕಂತೆ ಗೌರವಧನ ಕೊಡುತ್ತೇವೆ ಎಂಬುದು ಸರ್ಕಾರದ ಪ್ರತಿವಾದವಾಗಿರುತ್ತದೆ. ವೇತನದ ವಿಷಯದಲ್ಲಿ ಸುಪ್ರೀಂ ಕೋರ್ಟಿನ 2016ರ ಜಗಜಿತ್ ಸಿಂಗ್ ತೀರ್ಪು, ತಾತ್ಕಾಲಿಕ ನೌಕರರಿಗೂ ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ಅನ್ವಯಿಸುತ್ತದೆ ಎಂದಿರುವುದರಿಂದ ಆ ಬೇಡಿಕೆ ಸಕ್ರಮದ ಬೇಡಿಕೆಗಿಂತ ಗಟ್ಟಿಯಾದದ್ದು ಎಂಬುದು ನನ್ನ ಅಭಿಪ್ರಾಯ.

ನಿಮ್ಮ ಪತ್ರದಲ್ಲಿ ಪ್ರಶ್ನೆಯಾಗಿ ಇಲ್ಲದ, ಆದರೆ ನನ್ನ ಗಮನ ಸೆಳೆದ ಒಂದು ಸಾಲಿದೆ: ‘ಫಲಿತಾಂಶದ ಬಗ್ಗೆ ಪ್ರಾಂಶುಪಾಲರ ಜೊತೆ ಭಿನ್ನಾಭಿಪ್ರಾಯ ಇದ್ದರೂ ಮುಂದಿನ ವರ್ಷದ ಆದೇಶ ನೆನೆದು ಸುಮ್ಮನಾದೆ.’ ಕರಾರಿನ ಸ್ವರೂಪ ನೌಕರನ ಮೇಲೆ ಮಾಡುವ ಪರಿಣಾಮ ಎಂದರೆ ನನ್ನ ಪ್ರಕಾರ ಇದು. ಕೆಲಸ ಹೋಗುವುದು ಒಂದು ದಿನದ ಘಟನೆ. ಹೋಗದಿರಲೆಂದು ಬಾಯಿ ಮುಚ್ಚಿಕೊಳ್ಳುವುದು ಹನ್ನೊಂದು ವರ್ಷದ್ದು. ಹೆಚ್ಚುವರಿ ಕೆಲಸ ಬೇಡವೆನ್ನಲು, ರಜೆ ಕೇಳಲು, ತಪ್ಪನ್ನು ತಪ್ಪೆನ್ನಲು ಕಾಯಂ ನೌಕರನಿಗೆ ಇರುವ ಧೈರ್ಯವನ್ನು ಸ್ವಭಾವದ ಗುಣವೆಂದು ಭಾವಿಸುತ್ತೇವೆ. ಬಹುಮಟ್ಟಿಗೆ ಅದು ನೇಮಕಾತಿ ಆದೇಶದಿಂದ ಬಂದದ್ದು.

ಪ್ರಶ್ನೆ: ನಾನು ಗುತ್ತಿಗೆ ಆಧಾರದ ಶುಶ್ರೂಷಕಿ. ಈಗ ಐದು ತಿಂಗಳ ಗರ್ಭಿಣಿ. ಕರಾರು ಎಂಟನೆಯ ತಿಂಗಳಲ್ಲಿ ಮುಗಿಯುತ್ತದೆ. ಹೆರಿಗೆ ರಜೆ ಕರಾರು ಮುಗಿಯುವವರೆಗೆ ಮಾತ್ರ ಎನ್ನುತ್ತಿದ್ದಾರೆ.

ಉತ್ತರ: ಅವರು ಹೇಳುವುದು ತಪ್ಪು. ದೆಹಲಿಯ ಆಸ್ಪತ್ರೆಯೊಂದರ ಗುತ್ತಿಗೆ ವೈದ್ಯೆಯೊಬ್ಬರು 2017ರ ಜೂನ್ 1ರಿಂದ ರಜೆ ಕೇಳಿದಾಗ, ಕರಾರು ಜೂನ್ 11ಕ್ಕೆ ಮುಗಿಯುವುದರಿಂದ ಹನ್ನೊಂದೇ ದಿನದ ಸೌಲಭ್ಯ ಎಂದು ಆಡಳಿತ ಹೇಳಿತ್ತು. ಅರ್ಹತೆ ಒಮ್ಮೆ ಬಂದ ಮೇಲೆ ಹೆರಿಗೆ ಸೌಲಭ್ಯ ಕರಾರಿನ ಅವಧಿಯನ್ನು ದಾಟಿಯೂ ಮುಂದುವರಿಯುತ್ತದೆ ಎಂದು ಸುಪ್ರೀಂ ಕೋರ್ಟ್ 2023ರ ಆಗಸ್ಟ್ 17ರಂದು ತೀರ್ಪು ಕೊಟ್ಟಿದೆ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ನೀವು ಅರ್ಹರು. ಮೊದಲ ಎರಡು ಮಕ್ಕಳಿಗೆ 26 ವಾರ, ಅದರಲ್ಲಿ 8 ವಾರವನ್ನು ಹೆರಿಗೆಗೆ ಮೊದಲೇ ಪಡೆಯಬಹುದು. ನಿಮ್ಮ ಸಂಬಳದಿಂದ ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವಂತಿಗೆ ಕಡಿತವಾಗುತ್ತಿದ್ದರೆ ಹಣವನ್ನು ಅಲ್ಲಿಂದಲೇ ಕೇಳಬೇಕು. ಅರ್ಜಿಯನ್ನು ಬಾಯಿಮಾತಿನಲ್ಲಿ ಬಿಡದೆ ಈಗಲೇ ಲಿಖಿತವಾಗಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಪ್ರಶ್ನೆ: ಪತಿ ಹದಿನಾಲ್ಕು ವರ್ಷದಿಂದ ಹೊರಗುತ್ತಿಗೆ ಚಾಲಕರು. ಟೆಂಡರ್ ಬದಲಾಗುವ ತಿಂಗಳು ಬಂದರೆ ರಾತ್ರಿ ನಿದ್ದೆಯಿಲ್ಲ, ಸಿಡಿಮಿಡಿ, ಮಕ್ಕಳೊಡನೆ ಮಾತಿಲ್ಲ. ಈಗ ರಕ್ತದೊತ್ತಡವೂ ಶುರುವಾಗಿದೆ. ಕೆಲಸವಂತೂ ಇದೆ, ಸಂಬಳವೂ ಬರುತ್ತಿದೆ. ಇದಕ್ಕೂ ಕೆಲಸಕ್ಕೂ ಸಂಬಂಧವಿದೆಯೇ? — ಹಾಸನದ ಓದುಗರು

ಉತ್ತರ: ನಾನು ವೈದ್ಯನಲ್ಲ, ಆದರೂ ಸಂಬಂಧವಿಲ್ಲ ಎನ್ನಲಾರೆ. ಫಿನ್‌ಲೆಂಡಿನ ಹತ್ತು ಪಟ್ಟಣಗಳ ಸ್ಥಳೀಯಾಡಳಿತ ನೌಕರರನ್ನು ಕುರಿತು 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ತಾತ್ಕಾಲಿಕ ನೌಕರರ ಸಾವಿನ ಪ್ರಮಾಣ ಕಾಯಂ ನೌಕರರದಕ್ಕಿಂತ ಹೆಚ್ಚಿತ್ತು. ತಾತ್ಕಾಲಿಕದಿಂದ ಕಾಯಂಗೆ ಹೋದವರಲ್ಲಿ ಅದು ಕಡಿಮೆ ಇತ್ತು. ಆರೋಗ್ಯ ಚೆನ್ನಾಗಿರುವವರೇ ಕಾಯಂ ಹುದ್ದೆಗೆ ಆಯ್ಕೆಯಾಗುತ್ತಾರೆ ಎಂಬುದೂ ಇದಕ್ಕೆ ಒಂದು ಕಾರಣವಿರಬಹುದು, ಆದ್ದರಿಂದ ಕರಾರೇ ಕಾಯಿಲೆ ತರುತ್ತದೆ ಎಂದು ಅದನ್ನು ಓದಬಾರದು. ಆದರೆ ಅದು ಸಾಮಾಜಿಕ ಭದ್ರತೆ ಸಾಕಷ್ಟಿರುವ ದೇಶ. ಕೆಲಸ ಹೋದರೆ ಮನೆ ಬಾಡಿಗೆಯಿಂದ ಹಿಡಿದು ಶಾಲೆಯ ಶುಲ್ಕದವರೆಗೆ ಎಲ್ಲವೂ ನಿಲ್ಲುವ ನಮ್ಮಲ್ಲಿ ಅನಿಶ್ಚಿತತೆ ಅದಕ್ಕಿಂತ ಹಗುರವಾಗಿರಲು ಕಾರಣ ಕಾಣುವುದಿಲ್ಲ.

ಅವರನ್ನು ‘ಧೈರ್ಯವಾಗಿರಿ’ ಎಂದು ಸಂತೈಸುವುದಕ್ಕಿಂತ ಗೊತ್ತಿಲ್ಲದ್ದನ್ನು ಸ್ವಲ್ಪ ಕಡಿಮೆ ಮಾಡುವುದು ಉಪಯುಕ್ತ. ಟೆಂಡರ್ ಯಾವ ದಿನ ಮುಗಿಯುತ್ತದೆ, ಹೊಸ ಟೆಂಡರ್‌ನಲ್ಲಿ ಹಾಲಿ ನೌಕರರನ್ನು ಮುಂದುವರಿಸುವ ಷರತ್ತು ಇದೆಯೇ ಎಂಬುದನ್ನು ಕಚೇರಿ ಸರ್ಕಾರದ್ದಾದರೆ ಮಾಹಿತಿ ಹಕ್ಕಿನಡಿ ಕೇಳಿ ತಿಳಿಯಬಹುದು. ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದರೆ ಅವರು ಇ.ಎಸ್.ಐ. ವ್ಯಾಪ್ತಿಗೆ ಬರಬೇಕು: ಅವರ ಪಾಲು ಶೇ 0.75, ಮಾಲೀಕನ ಪಾಲು ಶೇ 3.25. ರಕ್ತದೊತ್ತಡದ ಚಿಕಿತ್ಸೆ ಅಲ್ಲಿ ಆಗುತ್ತದೆ, ವೈದ್ಯರು ವಿಶ್ರಾಂತಿ ಬರೆದರೆ ವರ್ಷಕ್ಕೆ 91 ದಿನದವರೆಗೆ ವೇತನದ ಶೇ 70ರಷ್ಟು ಸಿಗುತ್ತದೆ. ಕಾರ್ಡ್ ಕೊಟ್ಟಿಲ್ಲವೆಂಬ ಕಾರಣಕ್ಕೆ ಖಾಸಗಿ ಆಸ್ಪತ್ರೆಗೆ ದುಡ್ಡು ಸುರಿಯುವವರು ಬಹಳ. ಮೊದಲು ಪೇ ಸ್ಲಿಪ್‌ನಲ್ಲಿ ಕಡಿತವಿದೆಯೇ ನೋಡಿ. ನಿದ್ದೆಯಿಲ್ಲದ ಚಾಲಕ ರಸ್ತೆಯಲ್ಲಿರುವುದು ಇತರರಿಗೂ ಅಪಾಯವಾದ್ದರಿಂದ ಇದನ್ನು ಮುಂದೂಡಬೇಡಿ. ಮಾತಾಡಲು ಅವರು ಒಪ್ಪಿದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ.

ಪ್ರಶ್ನೆ: ಮಗ ಬಿ.ಕಾಂ. ಮುಗಿಸಿ ಮೈಸೂರಿನ ಖಾಸಗಿ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕಾಯಂ ಕೆಲಸದಲ್ಲಿದ್ದಾನೆ. ತಾಲ್ಲೂಕು ಕಚೇರಿಯಲ್ಲಿ ಹೊರಗುತ್ತಿಗೆ ಡೇಟಾ ಎಂಟ್ರಿ ಆಪರೇಟರ್ ಕೆಲಸ ಕೊಡಿಸುತ್ತೇನೆ, ಮುಂದೆ ಕಾಯಂ ಆಗುತ್ತದೆ, ಒಂದೂವರೆ ಲಕ್ಷ ಆಗುತ್ತದೆ ಎಂದು ಪರಿಚಿತರೊಬ್ಬರು ಹೇಳಿದ್ದಾರೆ. ಊರಿಗೂ ಹತ್ತಿರ. ಸೇರಿಸಲೇ?

ಉತ್ತರ: ಬೇಡ. ಹೊರಗುತ್ತಿಗೆಯವನು ಸರ್ಕಾರಿ ಕಟ್ಟಡದಲ್ಲಿ ಕುಳಿತಿದ್ದರೂ ಅವನ ಮಾಲೀಕ ಟೆಂಡರ್ ಹಿಡಿದ ಏಜೆನ್ಸಿ. ಇಲಾಖೆ ಅವನಿಗೆ ನೇಮಕಾತಿ ಆದೇಶ ಕೊಡುವುದಿಲ್ಲ, ಅವನು ಮಂಜೂರಾದ ಹುದ್ದೆಯ ಮೇಲೆ ಇರುವುದಿಲ್ಲ. ಮೇಲೆ ಹೇಳಿದ ಉಮಾದೇವಿ ತೀರ್ಪಿನ ವಿನಾಯಿತಿಗೂ ಅವನು ಬಹುದೂರ. ‘ಮುಂದೆ ಕಾಯಂ ಆಗುತ್ತದೆ’ ಎಂಬುದನ್ನು ಆ ಪರಿಚಿತರು ಬರಹದಲ್ಲಿ ಕೊಡಲಾರರು. ಕೊಟ್ಟರೂ ಅದಕ್ಕೆ ಬೆಲೆಯಿಲ್ಲ.

ಸರ್ಕಾರದ ನೆರಳಿನಲ್ಲಿದ್ದರೆ ಸಾಕು ಎಂಬ ನಮ್ಮ ಹಂಬಲ ಅರ್ಥವಾಗುವಂಥದೇ. ಕಾಯಂ ಸರ್ಕಾರಿ ನೌಕರನನ್ನು ವಿಚಾರಣೆಯಿಲ್ಲದೆ ವಜಾ ಮಾಡಲು ಸಂವಿಧಾನದ 311ನೆಯ ವಿಧಿ ಅಡ್ಡ ಬರುತ್ತದೆ, ಆ ರಕ್ಷಣೆಯೇ ಆ ಕೆಲಸದ ಬೆಲೆ. ಹೊರಗುತ್ತಿಗೆಯವನಿಗೆ ಆ ರಕ್ಷಣೆ ಇಲ್ಲ; ಇರುವುದು ಆ ಕಚೇರಿಯ ಮೇಜು, ಕುರ್ಚಿ ಮಾತ್ರ. ಮಗನಿಗೆ ಈಗಿರುವ ಸಣ್ಣ ಸಂಸ್ಥೆಯ ಕಾಯಂ ಕೆಲಸದಲ್ಲಿ ಸಂಬಳ ಕಡಿಮೆಯಿರಬಹುದು, ಆದರೆ ಅವನ ಮಾಲೀಕ ಯಾರೆಂದು ಅವನಿಗೆ ಗೊತ್ತು, ಸೇವೆ ಕಡಿಯದೆ ಸಾಗುತ್ತದೆ, ಐದು ವರ್ಷಕ್ಕೆ ಗ್ರಾಚ್ಯುಟಿ ಬರುತ್ತದೆ. ಸಂಸ್ಥೆಯಲ್ಲಿ ಇಪ್ಪತ್ತು ಜನರಿದ್ದರೆ ಪಿ.ಎಫ್. ಕಡ್ಡಾಯ. ಇವು ಸರಿಯಾಗಿ ನಡೆಯುತ್ತಿವೆಯೇ ಎಂದು ಅವನು ಮೊದಲು ಖಚಿತಪಡಿಸಿಕೊಳ್ಳಲಿ. ಲಿಖಿತ ನೇಮಕಾತಿ ಪತ್ರ ಇಲ್ಲದಿದ್ದರೆ ಕೇಳಿ ಪಡೆಯಲಿ. ಮೇಲೆ ಹೇಳಿದ ವೃತ್ತಿ ಸುರಕ್ಷತೆ ಸಂಹಿತೆ ಅದನ್ನು ಮಾಲೀಕನ ಕರ್ತವ್ಯವನ್ನಾಗಿ ಮಾಡಿದೆ.

ಸರ್ಕಾರಿ ನೌಕರಿಯೇ ಬೇಕೆಂದಿದ್ದರೆ ಅಧಿಸೂಚನೆ ಬಂದಾಗ ಅರ್ಜಿ ಹಾಕಿ ಪರೀಕ್ಷೆ ಬರೆಯಲಿ. ಹೊರಗುತ್ತಿಗೆಯಲ್ಲಿ ಕಾಯುತ್ತ ವಯೋಮಿತಿ ಮೀರಿದವರ ಪತ್ರಗಳು ಈ ತಿಂಗಳೇ ನಾಲ್ಕಾರು ಬಂದಿವೆ. ಹಣವನ್ನು ಈಗಾಗಲೇ ಕೊಟ್ಟಿದ್ದರೆ ಮುಜುಗರ ಬಿಟ್ಟು ಪೊಲೀಸ್ ಠಾಣೆಗೆ ದೂರು ಕೊಡಿ. ವಕೀಲರ ಶುಲ್ಕದ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಸಂಪರ್ಕಿಸಿ, ಅದರ ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕಾರ್ಖಾನೆಯ ಕಾರ್ಮಿಕರು ಅಲ್ಲಿ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರನ್ನು ಪಡೆಯಬಹುದು. ಪೀಣ್ಯದ ಓದುಗರಿಗೂ ಶುಶ್ರೂಷಕಿಯವರಿಗೂ ಇದು ಅನ್ವಯಿಸುತ್ತದೆ.